ಪದಚರ್ಚೆ: ‘ಆಂಬುಷ್ ಮಾರ್ಕೆಟಿಂಗ್’ಗೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಲೇಜಿನಲ್ಲಿ ಕ್ರೀಡೆ ಮತ್ತು ಜಾಹೀರಾತಿನ ಬಗ್ಗೆ ಪ್ರದರ್ಶನ ಇಡುತ್ತಿದ್ದೇವೆ. ಫಲಕಗಳ ಅನುವಾದ ನನ್ನ ಪಾಲಿಗೆ ಬಂದಿದೆ. ನಾಳೆ ಬೆಳಿಗ್ಗೆ 10ಕ್ಕೆ ಪ್ರಿಂಟಿಗೆ ಕೊಡಬೇಕು. ಆಂಬುಷ್ ಮಾರ್ಕೆಟಿಂಗ್ ಅನ್ನುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಫಲಕದಲ್ಲಿರುವುದು 1996ರ ಕ್ರಿಕೆಟ್ ವಿಶ್ವಕಪ್ ಕತೆ. ಕೋಕಾ-ಕೋಲಾ ದುಡ್ಡು ಕೊಟ್ಟು ಅಧಿಕೃತ ಪಾನೀಯ ಅನ್ನಿಸಿಕೊಂಡಿತ್ತು. ಪೆಪ್ಸಿ ‘ನಥಿಂಗ್ ಅಫಿಶಿಯಲ್ ಅಬೌಟ್ ಇಟ್’ ಅಂತ ಜಾಹೀರಾತು ಬಿಟ್ಟಿತು. ಜನರ ಬಾಯಲ್ಲಿ ಉಳಿದದ್ದು ಪೆಪ್ಸಿಯ ಸಾಲು. ಹೀಗೆ ಒಬ್ಬರು ದುಡ್ಡು ಕಟ್ಟಿದ ಆಟದಲ್ಲಿ ಇನ್ನೊಬ್ಬರು ಹೆಸರು ಗಿಟ್ಟಿಸುವುದಕ್ಕೆ ಏನನ್ನೋಣ? ಆ ಸಾಲಿಗೂ ಕನ್ನಡ ಬೇಕು. ತಲೆಬರಹಕ್ಕೆ ಎರಡು ಪದಕ್ಕಿಂತ ಜಾಸ್ತಿ ಜಾಗ ಇಲ್ಲ.
— ತುಮಕೂರು

*

ಆಂಬುಷ್ ಅಂದರೆ ಹೊಂಚು. ಹೊಂಚು ಮಾರಾಟ. ಚರ್ಚೆಗೆ ಏನಿದೆ ಇದರಲ್ಲಿ?
— ಹಾಸನ

*

ಮಾರಾಟ ಅಲ್ಲ. ಅಂಗಡಿಯವನು ಬಾಟಲಿ ಕೊಟ್ಟು ದುಡ್ಡು ತಗೊಳ್ಳುವುದು ಮಾರಾಟ. ಇಲ್ಲಿ ನಡೆಯುವುದು ಅದಲ್ಲ.

‘ಹೊಂಚು’ ಮಾತ್ರ ಬಿಡಬೇಡಿ. ಹಳೆಯ ರೂಪ ಪೊಂಚು. ತೆಲುಗಿನಲ್ಲಿ ‘ಪೊಂಚಿ’ ಇನ್ನೂ ಪಕಾರದಲ್ಲೇ ಇದೆ. ಅಪ್ಪಟ ನಮ್ಮ ಬೇರಿನ ಪದ. ಬೇಸರ ಬೇರೆ ಕಡೆ ಇದೆ. ಅಧಿಕೃತ, ಪಾನೀಯ, ಜಾಹೀರಾತು: ಒಂದೇ ಫಲಕದಲ್ಲಿ ಎಷ್ಟು ಎರವಲು! ಜಾಹೀರಾತಿಗೆ ‘ಸಾರಿಕೆ’ ಅನ್ನಿ. ಊರೂರಲ್ಲಿ ಡಂಗುರ ಸಾರಿದವರು ನಾವು. ನಮಗ್ಯಾಕೆ ಎರವಲು?
— ಧಾರವಾಡ

*

ಧಾರವಾಡದ ಸರ್, ‘ಸಾರಿಕೆ’ ಕಂಡ ಕೂಡಲೇ ಜನ ‘ಸಾರಿಗೆ’ ಅಂತ ಓದುತ್ತಾರೆ. ಬಸ್ಸು ನೆನಪಾಗುತ್ತೆ. ಕೈಬಿಡಿ.

ಜಾಹೀರಾತು ಅರಬ್ಬಿ ಮೂಲದ್ದು, ಮರಾಠಿಯ ಹಾದಿಯಲ್ಲಿ ಬಂದದ್ದು, ನಿಜ. ‘ಜಾಹೀರಾತಿನ’, ‘ಜಾಹೀರಾತಿಗೆ’ ಅಂತ ನಮ್ಮ ಪ್ರತ್ಯಯಗಳನ್ನೆಲ್ಲ ಹಚ್ಚಿಕೊಂಡು ಮನೆಯವರಂತೆ ಕೂತಿದೆ. ಅದನ್ನು ಸುಮ್ನೆ ಎಬ್ಬಿಸಬೇಡಿ.
— ಶಿವಮೊಗ್ಗ

*

ನನ್ನ ಪ್ರಕಾರ ‘ಹೊಂಚು’ ಅನ್ನುವುದೇ ತಪ್ಪು. ಹೊಂಚು ಹಾಕುವವನು ಅಡಗಿರುತ್ತಾನೆ. ಪೆಪ್ಸಿ ಎಲ್ಲಿ ಅಡಗಿತ್ತು? ಟೀವಿಯಲ್ಲಿ ಆಟಗಾರರನ್ನೇ ನಿಲ್ಲಿಸಿ ರಾಜಾರೋಷವಾಗಿ ಹೇಳಿತು. ನಾನಾಗ ಹೈಸ್ಕೂಲು. ಮಾರ್ಚ್ 9ರಂದು ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಮೇಲೆ ಕ್ವಾರ್ಟರ್ ಫೈನಲ್. ವೆಂಕಟೇಶ್ ಪ್ರಸಾದ್ ಸೊಹೈಲ್‌ನ ಸ್ಟಂಪ್ ಎಗರಿಸಿದ್ದು ಯಾರಿಗೆ ಮರೆತಿದೆ? ಆ ದಿನಗಳಲ್ಲಿ ನಮ್ಮ ಬೀದಿ ಕ್ರಿಕೆಟ್‌ನಲ್ಲಿ ಅಂಪೈರ್ ಔಟ್ ಕೊಟ್ಟರೆ ಬ್ಯಾಟ್ ಹಿಡಿದವನು ಕ್ರೀಸ್ ಬಿಡದೆ ‘ನಥಿಂಗ್ ಅಫಿಶಿಯಲ್’ ಅಂತ ಕೂಗುತ್ತಿದ್ದ. ‘ನೀನು ಹೇಳಿದ್ದನ್ನು ಒಪ್ಪಲ್ಲ’ ಅನ್ನುವ ಅರ್ಥದಲ್ಲಿ. ಆ ಸಾಲಿನ ಜೀವ ಇರುವುದು ಆ ಧಿಮಾಕಿನಲ್ಲಿ. ಅನುವಾದದಲ್ಲೂ ಅದು ಬರಬೇಕು.

ಬೇರೆ ಉದಾಹರಣೆ ನೋಡಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ದುಡ್ಡು ಕಟ್ಟಿದ್ದು ಕ್ಯಾಮೆರಾ ಫಿಲ್ಮ್ ಕಂಪನಿ ಫ್ಯೂಜಿ. ಅದರ ಎದುರಾಳಿ ಕೊಡಾಕ್ ಟೀವಿ ಪ್ರಸಾರದ ಪ್ರಾಯೋಜಕನಾಗಿ ಒಳಗೆ ಬಂತು. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಅಡಿಡಾಸ್ ಅಧಿಕೃತ. ನೈಕಿ ತನ್ನ ಜಾಹೀರಾತಿನಲ್ಲಿ ಅಮೆರಿಕದ ಓಹಾಯೋದಲ್ಲಿರುವ ಲಂಡನ್, ಜಮೈಕಾದ ಲಿಟಲ್ ಲಂಡನ್ ಹೀಗೆ ಬೇರೆ ಲಂಡನ್‌ಗಳನ್ನು ತೋರಿಸಿತು. 2010ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನೆದರ್ಲೆಂಡ್ಸ್–ಡೆನ್ಮಾರ್ಕ್ ಫುಟ್‌ಬಾಲ್ ಪಂದ್ಯಕ್ಕೆ 36 ಹೆಣ್ಣುಮಕ್ಕಳು ಒಂದೇ ಥರದ ಕಿತ್ತಳೆ ಉಡುಪು ಹಾಕಿಕೊಂಡು ಬಂದರು. ಬವೇರಿಯಾ ಬಿಯರ್‌ನವರ ಉಡುಪು ಅದು. ಮೈಮೇಲೆ ಎದ್ದು ಕಾಣುವ ಹೆಸರಿಲ್ಲ. ಆದರೂ ಅವರನ್ನು ಎಬ್ಬಿಸಿ ಹೊರಗೆ ಕಳಿಸಿದರು. ಮರುದಿನ ಆ ಬಿಯರ್ ಹೆಸರು ಎಲ್ಲ ಕಡೆ.

ಇವರ್ಯಾರೂ ಪೊದೆಯಲ್ಲಿ ಕೂತವರಲ್ಲ. ಜಾತ್ರೆಯಲ್ಲಿ ಸುಂಕ ಕಟ್ಟಿದವನ ಅಂಗಡಿ ಒಳಗಿದ್ದರೆ, ಇವನು ಗುಂಪಿನ ಸಂದಿಯಲ್ಲಿ ತಳ್ಳುಗಾಡಿ ತೂರಿಸುತ್ತಾನೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಹಾಗಾಗಿ ‘ನುಸುಳು ಪ್ರಚಾರ’. ಆಂಬುಷ್ ಅನ್ನುವುದು ದುಡ್ಡು ಕಟ್ಟಿದವನ ಕಡೆಯಿಂದ ನೋಡಿದ ಮಾತು. ಅದನ್ನೇ ನಾವೂ ಹೊರಬೇಕಿಲ್ಲ.

ಇನ್ನು ಆ ಸಾಲು. ‘ಇದರಲ್ಲಿ ಅಧಿಕೃತವಾದದ್ದು ಏನೂ ಇಲ್ಲ’ ಅಂದರೆ ಸರ್ಕಾರಿ ಕಚೇರಿಯ ಸ್ಪಷ್ಟನೆ ಥರ ಆಗುತ್ತೆ. ನಾವು ಕಾಫಿ ಗೀಫಿ, ಮದುವೆ ಗಿದುವೆ ಅನ್ನುತ್ತೇವಲ್ಲ, ಅದೇ ದಾರಿ: ‘ಅಧಿಕೃತ ಗಿಧಿಕೃತ ಏನಿಲ್ಲ!’ ಒಂದು ‘ಗಿ’ ಸೇರಿದರೆ ಸಾಕು, ಎದುರಿನವನ ದೊಡ್ಡಸ್ತಿಕೆ ಇಳಿಯುತ್ತೆ.
— ಮೈಸೂರು

*

> ನುಸುಳು ಪ್ರಚಾರ

ಅರಿಸಮಾಸ: ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ್ದು. ಸಲ್ಲದು.

ಇನ್ನೊಂದು ಮಾತು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ‘ನಂದಿನಿ’ ಅಂತ ಕನ್ನಡ ಅಕ್ಷರದಲ್ಲೇ ಇತ್ತು. ಅವರು ಕನ್ನಡ ಹೊತ್ತು ಆಡಿದರು. ನಾವು ನಮ್ಮೂರ ಫಲಕಕ್ಕೂ ಎರವಲು ಪದ ತರುತ್ತೇವೆ. ನನಗೆ ನೋವಾಗುತ್ತೆ.
— ಧಾರವಾಡ

*

ಅಂಗಿ ನೋಡಿ ನಾನೂ ಹಿಗ್ಗಿದೆ ಸರ್. ಆದರೆ ಅಕ್ಷರ ಕನ್ನಡದ್ದು, ಪದ ಸಂಸ್ಕೃತದ್ದು. ನಂದಿನಿ ಪರಕೀಯ ಅಂತ ಯಾರಿಗಾದರೂ ಅನ್ನಿಸಿತಾ? ದಿನಾ ಬೆಳಿಗ್ಗೆ ಬಾಗಿಲಿಗೆ ಬರುವ ಹಾಲಿನ ಹೆಸರು, ಅಲ್ವಾ? ಬಳಸಿ ಬಳಸಿ ನಮ್ಮದಾಯಿತು. ಅರಿಸಮಾಸದ ಮಾತಿಗೆ ಬಂದರೆ, ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ‘ಮನೆ ಮನೆ ಪ್ರಚಾರ’. ಅದನ್ನು ಯಾರೂ ತಡೆದಿಲ್ಲ.
— ಶಿವಮೊಗ್ಗ

*

ಎಲ್ಲರಿಗೂ ಧನ್ಯವಾದ. ತಲೆಬರಹಕ್ಕೆ ‘ನುಸುಳು ಪ್ರಚಾರ’ ಹಾಕಿದೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಅಧಿಕೃತ ಗಿಧಿಕೃತ ಏನಿಲ್ಲ!’. ಜೋರಾಗಿ ಓದಿ ನೋಡಿದೆ, ಬಾಯಿಗೆ ಕೂರುತ್ತೆ. ‘ಹೊಂಚು’ ವಿವರಣೆಯ ಸಾಲಿನಲ್ಲಿ ಬಂದಿದೆ. ಜಾಹೀರಾತು ಹಾಗೇ ಇದೆ. ಫೈಲ್ ಪ್ರಿಂಟಿಗೆ ಹೋಯಿತು.
— ತುಮಕೂರು

*

ಜಾಹೀರಾತಿನ ಬಗ್ಗೆ ನಾನು ಒಪ್ಪಿಲ್ಲ. ಬೇರೆ ಎಳೆ ಶುರು ಮಾಡುತ್ತೇನೆ.
— ಧಾರವಾಡ