ಪದಚರ್ಚೆ: ಸ್ಟೌವಿನಲ್ಲಿ ಎಣ್ಣೆ ನಿಲ್ಲುವ ಭಾಗಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು?

ಎಲ್ಲರಿಗೂ ನಮಸ್ಕಾರ.

ಗೆಳೆಯರೊಬ್ಬರು ಹಳೆಯ ಸೀಮೆಎಣ್ಣೆ ಸ್ಟೌಗಳನ್ನು ಮನೆತುಂಬ ಗುಡ್ಡೆ ಹಾಕಿಕೊಂಡಿದ್ದಾರೆ. ಅವನ್ನು ನಾಲ್ಕು ಜನಕ್ಕೆ ತೋರಿಸಬೇಕು, ಪಕ್ಕದಲ್ಲಿ ಕನ್ನಡದ ಚೀಟಿ ಇರಬೇಕು ಅಂತ ಅವರ ಆಸೆ. ಚೀಟಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಇಂಗ್ಲಿಷ್ ವಿವರಣೆ ಹೇಗೂ ಇತ್ತಲ್ಲ, ಬೇಗ ಮುಗಿಸೋಣ ಅಂತ ಫೋನಿನ ಅನುವಾದ ಯಂತ್ರಕ್ಕೆ ಕೊಟ್ಟೆ. ‘ಫ್ಯೂಯೆಲ್ ರಿಸರ್ವಾಯರ್’ ಬಂದಲ್ಲೆಲ್ಲ ಅದು ‘ಇಂಧನ ಜಲಾಶಯ’ ಅಂತ ಬರೆದಿತ್ತು. ಒಂದು ಲೀಟರ್ ಸೀಮೆಎಣ್ಣೆ ಹಿಡಿಯುವ ಹಿತ್ತಾಳೆ ಪಾತ್ರೆ ಕನ್ನಂಬಾಡಿ ಕಟ್ಟೆಯಾಗಿಬಿಟ್ಟಿತು.

ನಕ್ಕಿದ್ದಾಯಿತು. ಆಮೇಲೆ ನಾನೇ ಬರೆಯೋಣ ಅಂತ ಕೂತರೆ ಪೆನ್ನು ಅದೇ ಪದದ ಹತ್ತಿರ ನಿಂತಿತು. ಬರ್ನರ್, ವಾಷರ್, ಪಂಪು, ಪಿನ್ನು ಇವಕ್ಕೆಲ್ಲ ತಕರಾರಿಲ್ಲ, ಜನ ಆಡುವ ಮಾತೇ ಇದೆ. ಎಣ್ಣೆ ನಿಲ್ಲುವ ಜಾಗಕ್ಕೆ?

ಮೊದಲು ಹೊಳೆದದ್ದು ‘ತೈಲಾಶಯ’. ವ್ಯಾಕರಣದ ಪ್ರಕಾರ ತಪ್ಪೇನಿಲ್ಲ. ಆಶಯ ಅಂದರೆ ನೆಲೆ, ಇರುವ ಜಾಗ. ಮೂತ್ರಾಶಯ, ಗರ್ಭಾಶಯ, ಪಿತ್ತಾಶಯ ಎಲ್ಲ ಆ ಕುಲದವೇ. ಆದರೆ ಇವತ್ತಿನ ಓದುಗರಿಗೆ ‘ಆಶಯ’ ಅಂದ ಕೂಡಲೇ ಆಶಯ ಭಾಷಣ ನೆನಪಾಗುತ್ತದೆ. ‘ಸ್ಟೌವಿನ ತೈಲಾಶಯ’ ಅಂದರೆ ಎಣ್ಣೆ ಮನಸ್ಸಿನಲ್ಲಿ ಏನನ್ನೋ ಇಟ್ಟುಕೊಂಡ ಹಾಗಿದೆ. ‘ಎಣ್ಣೆ ತೊಟ್ಟಿ’ ಅಂದರೆ ದನಕ್ಕೆ ನೀರು ಕುಡಿಸುವ, ಬಾಯಿ ತೆರೆದ ಕಲ್ಲಿನ ತೊಟ್ಟಿ ಕಣ್ಣಿಗೆ ಕಟ್ಟುತ್ತದೆ. ಇದೋ ನಾಲ್ಕೂ ಕಡೆ ಮುಚ್ಚಿದ್ದು. ‘ಡಬ್ಬ’ ಅಂದರೆ ಅಂಗಡಿಯಿಂದ ತರುತ್ತಿದ್ದ ನಾಲ್ಕು ಗ್ಯಾಲನ್ನಿನ, ಅಂದರೆ ಸುಮಾರು 18 ಲೀಟರಿನ ತಗಡಿನ ಡಬ್ಬ. ಅದರಲ್ಲಿರುವುದು ದಾಸ್ತಾನು. ಸ್ಟೌವಿನಲ್ಲಿರುವುದು ಉರಿಯುವ ಸರದಿಗೆ ಕಾದಿರುವ ಎಣ್ಣೆ.

ಮಂಗಳೂರಿನಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ಸ್ಟಾಕ್‌ಹೋಮಿನಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ‘ಪ್ರೈಮಸ್’ ಅನ್ನುವ ತನ್ನ ಪಂಪ್ ಸ್ಟೌವನ್ನು ಮಾರುಕಟ್ಟೆಗೆ ತಂದದ್ದು 1892ರಲ್ಲಿ. ಎರಡು ವರ್ಷದ ಅಂತರ. ಹಾಗಾಗಿ ಪಾಪ, ಕಿಟ್ಟೆಲರ ಹತ್ತಿರ ಇದನ್ನು ಕೇಳುವ ಹಾಗಿಲ್ಲ.

ಪದ ಹುಡುಕುವ ಮೊದಲು ವಸ್ತುವನ್ನು ನೋಡೋಣ ಅಂತ ಗೆಳೆಯರ ಮನೆಗೆ ಹೋಗಿ ಒಂದೊಂದೇ ಸ್ಟೌ ಬಿಚ್ಚಿಸಿದೆ. ಆಗ ಗೊತ್ತಾಯಿತು, ನಾನು ಒಂದು ಪದ ಹುಡುಕುತ್ತಿದ್ದೆ, ಎದುರಿಗೆ ಮೂರು ವಸ್ತುಗಳಿದ್ದವು.

ಒಂದನೆಯದು ಬತ್ತಿ ಸ್ಟೌ. ನಮ್ಮ ಕಡೆ ಹತ್ತು ಬತ್ತಿಯದು ಎಲ್ಲರಿಗೂ ಗೊತ್ತು. ಕೆಳಗೆ ಅಗಲವಾದ, ಆಳವಿಲ್ಲದ ತಟ್ಟೆಯಂಥ ಪಾತ್ರೆ, ಅದರೊಳಗೆ ಇಳಿಬಿದ್ದ ಬತ್ತಿಗಳು. ಇಷ್ಟೊಂದು ಚಪ್ಪಟೆ ಯಾಕೆ? ಎಣ್ಣೆ ಬತ್ತಿಯನ್ನು ಹಿಡಿದು ತಾನೇ ಹತ್ತಬೇಕು. ಪಾತ್ರೆ ಆಳವಾಗಿದ್ದರೆ ಎಣ್ಣೆ ಇಳಿದಂತೆಲ್ಲ ಹತ್ತುವ ದೂರ ಹೆಚ್ಚಿ ಉರಿ ಸಣ್ಣಗಾಗುತ್ತದೆ. ಅಗಲವಾಗಿದ್ದರೆ ಅರ್ಧ ಖಾಲಿಯಾದರೂ ಮಟ್ಟ ಒಂದೆರಡು ಬೆರಳಷ್ಟೇ ಇಳಿದಿರುತ್ತದೆ. ಪಾತ್ರೆಯನ್ನು ಬೆಂಕಿಯ ಕೆಳಗಿಡಲು ಸಾಧ್ಯವಾದದ್ದೇ ಸೀಮೆಎಣ್ಣೆ ತೆಳುವಾದ್ದರಿಂದ. ಅದಕ್ಕೂ ಹಿಂದೆ ಯುರೋಪಿನ ದೀಪಗಳಲ್ಲಿ ಉರಿಯುತ್ತಿದ್ದ ಕಾಳಿನ ಎಣ್ಣೆ, ತಿಮಿಂಗಿಲದ ಎಣ್ಣೆ ಮಂದ. ಬತ್ತಿಯಲ್ಲಿ ಹೆಚ್ಚು ಮೇಲಕ್ಕೆ ಹತ್ತುತ್ತಿರಲಿಲ್ಲ. 1780ರ ಆರ್ಗಾಂಡ್ ದೀಪ ನೋಡಿ, ಎಣ್ಣೆಯ ಪಾತ್ರೆ ಪಕ್ಕದಲ್ಲಿ, ಬತ್ತಿಯ ಎತ್ತರಕ್ಕೇ ಕೂತಿರುತ್ತದೆ.

ಎರಡನೆಯದನ್ನು ನಾನು ಮೊದಲು ನೋಡಿರಲೇ ಇಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕಡೆಯ ಪರ್ಫೆಕ್ಷನ್ ಜಾತಿಯ ಒಲೆ. ಉದ್ದನೆಯ ಚಿಮಣಿಗಳು ಸಾಲಾಗಿ ನಿಂತಿವೆ, ಎಣ್ಣೆಯ ಪಾತ್ರೆ ಒಂದು ಕೊನೆಯಲ್ಲಿ ತಲೆಕೆಳಗಾಗಿ ಕೂತಿದೆ. ಕೆಲವಕ್ಕೆ ಅದು ಗಾಜಿನದು. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೆಳೆಯರು ವಿವರಿಸುತ್ತಿದ್ದರು, ನನ್ನ ಕಣ್ಣು ಅವರ ಅಡುಗೆಮನೆಯ ಮೂಲೆಗೆ ಹೋಯಿತು. ಅಲ್ಲಿ 20 ಲೀಟರಿನ ನೀರಿನ ಕ್ಯಾನು ಬೋರಲಾಗಿ ಕೂತಿತ್ತು. ಒಂದು ಲೋಟ ನೀರು ಹಿಡಿದರೆ ‘ಗುಳುಕ್’ ಅಂತ ಒಂದು ಗುಳ್ಳೆ ಮೇಲೆದ್ದು, ಅಷ್ಟೇ ನೀರು ಕೆಳಗಿಳಿದು, ಮತ್ತೆ ಸುಮ್ಮನಾಗುತ್ತದಲ್ಲ, ಇಲ್ಲಿಯೂ ಅದೇ. ತೊಟ್ಟಿಲಿನಂಥ ಕೆಳಪಾತ್ರೆಯಲ್ಲಿ ಎಣ್ಣೆ ಇಳಿದು ಸೀಸೆಯ ಬಾಯಿ ಗಾಳಿಗೆ ತೆರೆದುಕೊಂಡಾಗ ಗಾಳಿ ಒಳಗೆ ಹೋಗುತ್ತದೆ, ಎಣ್ಣೆ ಇಳಿದು ಬಾಯಿ ಮುಚ್ಚುತ್ತದೆ. ಬತ್ತಿಗೆ ಸಿಗುವ ಎಣ್ಣೆಯ ಮಟ್ಟ ಕೊನೆಯ ತನಕ ಒಂದೇ. ಕೋಳಿಮರಿಗಳಿಗೆ ನೀರಿಡುವ ಡಬ್ಬದ್ದೂ ಇದೇ ಉಪಾಯ.

ಮೂರನೆಯದು ಪಂಪ್ ಸ್ಟೌ. ಇದರ ಮುಂದೆ ನಾನು ಜಾಸ್ತಿ ಹೊತ್ತು ಕೂತೆ, ಯಾಕೆಂದರೆ ನಮ್ಮ ಮನೆಯಲ್ಲಿದ್ದದ್ದು ಇದೇ.

ಇದರ ಹಿತ್ತಾಳೆ ಪಾತ್ರೆ ಮೂಲೆಗಳಿಲ್ಲದ ಚಪ್ಪಟೆ ಗುಂಡು. ಮೂಲೆ ಇರುವ ಹಾಗಿಲ್ಲ, ಒಳಗೆ ಒತ್ತಡ ನಿಲ್ಲಬೇಕು. ಎಣ್ಣೆಯನ್ನು ಮುಕ್ಕಾಲು ಭಾಗ ಮಾತ್ರ ತುಂಬಬೇಕು, ಉಳಿದ ಕಾಲು ಭಾಗ ಗಾಳಿಯ ಪಾಲು. ಪಕ್ಕದ ಪಂಪಿನಿಂದ ಗಾಳಿ ತುಂಬಿದರೆ ಅದು ಎಣ್ಣೆಯನ್ನು ಮೇಲಿನಿಂದ ಅದುಮುತ್ತದೆ. ಎಣ್ಣೆ ನಡುವಿನ ಕೊಳವೆಯಲ್ಲಿ ಮೇಲೇರಿ, ಕಾದ ಬರ್ನರಿನಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ಹೊರಬಂದು ನೀಲಿಯಾಗಿ ಉರಿಯುತ್ತದೆ. ಬತ್ತಿಯ ಮಾತೇ ಇಲ್ಲ. ಪಂಪಿನ ಒಳತುದಿಯಲ್ಲಿ ಒಂದು ಪುಟ್ಟ ವಾಲ್ವು ಇದೆ, ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಅದು ಕೈಕೊಟ್ಟರೆ ಗೊತ್ತಾಗುವ ರೀತಿ ಚೆನ್ನಾಗಿದೆ: ಪಂಪಿನ ಹಿಡಿ ತನ್ನಷ್ಟಕ್ಕೆ ಮೇಲೇಳುತ್ತದೆ, ಹಿಂದೆಯೇ ಸೀಮೆಎಣ್ಣೆ ಜಿನುಗುತ್ತದೆ. ನಮ್ಮಮ್ಮ ಆಗ “ಸ್ಟೌ ಮೈಮೇಲೆ ಬಂತು, ದೂರ ಸರೀರೋ” ಅನ್ನುತ್ತಿದ್ದರು.

ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೆ ಪಂಪು ಸತ್ತಿರುತ್ತಿತ್ತು. ಹಿಡಿ ಸುಮ್ಮನೆ ಹೋಗಿ ಬರುತ್ತದೆ, ಗಾಳಿ ಇಲ್ಲ. ಅಪ್ಪ ಅದನ್ನು ಎಳೆದು ತೆಗೆದು, ಒಣಗಿ ಮುದುಡಿದ ತೊಗಲಿನ ವಾಷರನ್ನು ಕೊಬ್ಬರಿ ಎಣ್ಣೆಯ ಬಟ್ಟಲಲ್ಲಿ ಮುಳುಗಿಸಿಡುತ್ತಿದ್ದರು. ಬೆಳಗ್ಗೆ ಹೊತ್ತಿಗೆ ಅದು ಮೆತ್ತಗಾಗಿ ಅಂಚು ಬಿಚ್ಚಿಕೊಂಡು ಕಿವಿಯ ಹಾಲೆಯ ಹಾಗಿರುತ್ತಿತ್ತು. ಈ ತೊಗಲಿನ ವಾಷರಿನ ಕಥೆ ದಕ್ಷಿಣ ಧ್ರುವದ ತನಕ ಹೋಗುತ್ತದೆ. 1912ರಲ್ಲಿ ಧ್ರುವದಿಂದ ಹಿಂದಿರುಗುತ್ತಿದ್ದ ಬ್ರಿಟನ್ನಿನ ಸ್ಕಾಟ್ ತಂಡಕ್ಕೆ ದಾರಿಯಲ್ಲಿ ಇಟ್ಟುಹೋಗಿದ್ದ ಎಣ್ಣೆಯ ಡಬ್ಬಗಳಲ್ಲಿ ಇರಬೇಕಾದಷ್ಟು ಎಣ್ಣೆ ಸಿಗಲಿಲ್ಲ. ಮುಚ್ಚಳದ ತೊಗಲಿನ ವಾಷರ್‌ಗಳ ಮೇಲೆ ಅನುಮಾನ ಬಿತ್ತು. ಅವರಿಗಿಂತ ಮೊದಲೇ ಧ್ರುವ ಮುಟ್ಟಿದ್ದ ನಾರ್ವೆಯ ಅಮುಂಡ್ಸನ್ ತನ್ನ ಡಬ್ಬಗಳಿಗೆ ಬೆಸುಗೆಯನ್ನೇ ಹಾಕಿಸಿಕೊಂಡು ಹೋಗಿದ್ದ.

ಇನ್ನು ಪದಕ್ಕೆ ಬರುತ್ತೇನೆ.

ನನ್ನ ಕಿವಿಗೆ ಹತ್ತಿರವಾದ ಪದ ‘ಬುಡ್ಡಿ’. ಮಸಿಬುಡ್ಡಿ, ಸೀಮೆಎಣ್ಣೆ ಬುಡ್ಡಿ, ಬುಡ್ಡಿದೀಪ. ಸಣ್ಣದು, ಮುಚ್ಚಿದ್ದು, ಒಳಗೆ ದ್ರವ, ಬಾಯಲ್ಲಿ ಬತ್ತಿ. ಬತ್ತಿ ಸ್ಟೌವಿಗೆ ಇದಕ್ಕಿಂತ ಒಳ್ಳೆಯ ಪದ ಬೇಕೇ? ನಮ್ಮಲ್ಲಿ ಸೀಮೆಎಣ್ಣೆ ಮನೆಯೊಳಗೆ ಬಂದದ್ದು ದೀಪವಾಗಿ, ಒಲೆಯಾದದ್ದು ಆಮೇಲೆ. ಅದರ ಹೆಸರುಗಳಲ್ಲೂ ಆ ಗುರುತು ಉಳಿದಿದೆ. ಮಂಗಳೂರು ಕಡೆ, ಧಾರವಾಡದ ಕಡೆ ಅದು ‘ಚಿಮಣಿ ಎಣ್ಣೆ’, ಅಂದರೆ ಚಿಮಣಿ ದೀಪದ ಎಣ್ಣೆ. ಸ್ವೀಡನ್ನಿನವರು ‘ಫೋಟೋಗೆನ್’ ಅಂತ ಗ್ರೀಕಿನಿಂದ ಕಟ್ಟಿಕೊಂಡರು, ಬೆಳಕು ಹುಟ್ಟಿಸುವುದು ಅಂತ. ಹಳೆ ಮೈಸೂರಿನ ನಾವು ಮಾತ್ರ ಎಲ್ಲಿಂದ ಬಂತು ಅನ್ನುವುದನ್ನೇ ಹಿಡಿದು, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸುಗಳ ಸಾಲಿಗೆ ಸೇರಿಸಿ ಸೀಮೆಎಣ್ಣೆ ಅಂದೆವು.

ದೀಪದ ಬುಡ್ಡಿಯೇ ಅಗಲವಾಗಿ ಬತ್ತಿ ಸ್ಟೌವಿನ ಬುಡ್ಡಿ ಆಯಿತು. ಪರ್ಫೆಕ್ಷನ್ನಿನದು ‘ಬೋರಲು ಬುಡ್ಡಿ’. ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ.

ಪಂಪ್ ಸ್ಟೌವಿನದನ್ನು ಬುಡ್ಡಿ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಅದು ದೀಪದ ವಂಶದ್ದಲ್ಲ. ಸ್ವೀಡನ್ನಿನಲ್ಲೇ ಕಾರ್ಲ್ ರಿಚರ್ಡ್ ನ್ಯೂಬರ್ಗ್ 1880ರ ದಶಕದಲ್ಲಿ ಮಾಡಿ ಮಾರುತ್ತಿದ್ದ, ಬೆಸುಗೆಯವರು ಕೈಯಲ್ಲಿ ಹಿಡಿಯುವ ಬ್ಲೋಲ್ಯಾಂಪಿನ ನೆಂಟ ಅದು. ಬುಡ್ಡಿಯಲ್ಲಿ ಎಣ್ಣೆ ಸುಮ್ಮನೆ ನಿಂತಿರುತ್ತದೆ, ಬತ್ತಿ ಬಂದು ಹೀರಿಕೊಂಡು ಹೋಗುತ್ತದೆ. ಇಲ್ಲಿ ಎಣ್ಣೆಯನ್ನು ತಳ್ಳುತ್ತಾರೆ.

ಈ ವ್ಯತ್ಯಾಸ ನಮ್ಮ ಹೆಂಗಸರ ಮಾತಿನಲ್ಲಿ ಎಷ್ಟು ಸ್ಪಷ್ಟವಾಗಿತ್ತು ಅಂತ ಈಗ ಯೋಚಿಸಿದರೆ ಬೆರಗಾಗುತ್ತದೆ. ಅನ್ನ ಬೆಂದ ಮೇಲೆ ಸೌದೆ ಒಲೆಯಾದರೆ “ಕೊಳ್ಳಿ ಹಿಂದಕ್ಕೆಳಿ”. ಬತ್ತಿ ಸ್ಟೌ ಆದರೆ “ಬತ್ತಿ ಇಳಿಸು”. ಪಂಪ್ ಸ್ಟೌ ಆದರೆ “ಗಾಳಿ ಬಿಡು”, ಮುಚ್ಚಳದ ಮೇಲಿನ ತಿರುಪು ಸಡಿಲಿಸಿದರೆ ‘ಸುಸ್ಸ್’ ಅಂತ ಗಾಳಿ ಹೋಗಿ ಉರಿ ಸಾಯುತ್ತಿತ್ತು. ಉರಿ ಸಣ್ಣ ಮಾಡಬೇಕಾದರೂ “ಒಂಚೂರು ಗಾಳಿ ಬಿಡು”, ಜೋರು ಮಾಡಲು “ಇನ್ನೆರಡು ಹೊಡಿ”. ಗ್ಯಾಸ್ ಬಂದ ಮೇಲೆ ಎಲ್ಲ ಸೇರಿ “ಆಫ್ ಮಾಡು” ಆಯಿತು. ಒಳಗೆ ಏನು ನಡೆಯುತ್ತಿದೆ ಅನ್ನುವುದು ಕ್ರಿಯಾಪದದಲ್ಲೇ ಇತ್ತು. ನಾಮಪದ ಮಾತ್ರ ನನ್ನ ನೆನಪಿಗೆ ಬರುತ್ತಿಲ್ಲ. ಅಮ್ಮ “ಸ್ಟೌವಿಗೆ ಎಣ್ಣೆ ಹಾಕು” ಅನ್ನುತ್ತಿದ್ದರೇ ಹೊರತು ಯಾವುದರೊಳಗೆ ಅಂತ ಹೇಳಿದ ನೆನಪಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಅನ್ನಿ.

ರಿಪೇರಿಯವನು ಹೇಳುತ್ತಿದ್ದ. ಬೀದಿಯಲ್ಲಿ “ಸ್ಟೌ ರಿಪೇರೀ” ಅಂತ ಕೂಗಿಕೊಂಡು ಬಂದು, ನಮ್ಮ ಜಗಲಿಯ ಮೇಲೆ ಕೂತು, ಪಾತ್ರೆಗೆ ಗಾಳಿ ಹೊಡೆದು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ನೋಡುತ್ತಿದ್ದ, ಸೈಕಲ್ ಟ್ಯೂಬಿಗೆ ಮಾಡುವ ಹಾಗೆ. “ಟ್ಯಾಂಕು ಲೀಕಿದೆ ಅಮ್ಮಾ, ಬೆಸುಗೆ ಹಾಕಬೇಕು” ಅಂದಿದ್ದು ಕಿವಿಯಲ್ಲಿದೆ. ಅವನ ಮಾತೇ ಸರಿ ಅನ್ನಿಸುತ್ತದೆ. ‘ಟ್ಯಾಂಕು’ ಅಂದರೆ ಯಾರಿಗೂ ವಿವರಿಸಬೇಕಿಲ್ಲ, ಬೈಕಿನಲ್ಲಿದೆ, ತಾರಸಿಯ ಮೇಲಿದೆ.

ಪರಕೀಯ ಪದ ಅಂತ ಮುಖ ತಿರುಗಿಸುವವರಿಗೆ ಒಂದು ಮಾತು. ಇಂಗ್ಲಿಷಿನ ‘ಟ್ಯಾಂಕ್’ ಪದವನ್ನು ನಿಘಂಟುಕಾರರು ಗುಜರಾತಿ, ಮರಾಠಿಗಳ ನೀರಿನ ‘ಟಾಂಕಿ’ಯ ಜೊತೆಗೂ ಪೋರ್ಚುಗೀಸಿನ ಜೊತೆಗೂ ನೆಂಟಸ್ತನ ಹಚ್ಚಿಯೇ ಚರ್ಚಿಸುತ್ತಾರೆ. ಈ ದೇಶದ ಇಂಗ್ಲಿಷರು ನಮ್ಮ ಕೆರೆಗಳನ್ನೆಲ್ಲ ಟ್ಯಾಂಕ್ ಅಂದರು. ಬೆಂಗಳೂರಿನಲ್ಲಿ 1882ರ ಸ್ಯಾಂಕಿ ಟ್ಯಾಂಕ್ ಇನ್ನೂ ಅದೇ ಹೆಸರಿನಲ್ಲಿದೆ. ಕೆರೆಯನ್ನು ಅವರು ಟ್ಯಾಂಕ್ ಅನ್ನಬಹುದಾದರೆ, ಸ್ಟೌವಿನ ಪಾತ್ರೆಯನ್ನು ಜಲಾಶಯ ಅಂದ ಆ ಬಡಪಾಯಿ ಯಂತ್ರದ ಮೇಲೆ ನಾನು ಅಷ್ಟು ನಗಬಾರದಿತ್ತೋ ಏನೋ.

ಇಂಗ್ಲಿಷರಿಗೂ ಇಲ್ಲಿ ಒಂದೇ ಮಾತಿಲ್ಲ ಅನ್ನುವುದು ಸಮಾಧಾನ. ದೀಪದ ಎಣ್ಣೆಪಾತ್ರೆಗೆ ‘ಫೌಂಟ್’ ಅಂತಲೂ ‘ಫಾಂಟ್’ ಅಂತಲೂ ಬರೆಯುತ್ತಾರೆ, ಸ್ಟೌವಿಗೆ ಬಂದರೆ ಟ್ಯಾಂಕ್, ರಿಸರ್ವಾಯರ್.

ಹಾಗಾಗಿ ಸದ್ಯಕ್ಕೆ ಚೀಟಿಗಳಲ್ಲಿ ಬತ್ತಿಯದಕ್ಕೆ ‘ಬುಡ್ಡಿ’, ತಲೆಕೆಳಗಾದದ್ದಕ್ಕೆ ‘ಬೋರಲು ಬುಡ್ಡಿ’, ಪಂಪಿನದಕ್ಕೆ ‘ಟ್ಯಾಂಕು’ ಅಂತ ಬರೆದಿದ್ದೇನೆ. ಒಂದು ತೊಡಕು ಉಳಿದಿದೆ. ಗೆಳೆಯರ ಮಗ, ಕಾಲೇಜು ಹುಡುಗ, ‘ಎಣ್ಣೆ ಬುಡ್ಡಿ’ ಅನ್ನುವ ಚೀಟಿ ಓದಿ ಬಿದ್ದು ಬಿದ್ದು ನಕ್ಕ. ಅವನ ವಯಸ್ಸಿನವರಿಗೆ ಎಣ್ಣೆ ಅಂದರೆ ಬಾರಿನದು, ಬುಡ್ಡಿ ಅಂದರೆ ಅದರ ಬಾಟಲಿ. ‘ಸೀಮೆಎಣ್ಣೆ ಬುಡ್ಡಿ’ ಅಂತ ಪೂರ್ತಿ ಬರೆದರೆ ನಗು ಕಮ್ಮಿಯಾಗಬಹುದು, ಚೀಟಿ ಉದ್ದವಾಗುತ್ತದೆ.

ಬಲ್ಲವರಲ್ಲಿ ಕೇಳುವುದಿಷ್ಟು. ಪಂಪ್ ಸ್ಟೌವಿನ ಆ ಹಿತ್ತಾಳೆ ಗುಂಡಿಗೆ ನಿಮ್ಮ ಮನೆಯಲ್ಲಿ, ನಿಮ್ಮ ಸೀಮೆಯಲ್ಲಿ ಹೆಸರೇನಾದರೂ ಇತ್ತೇ? ಬೆಳಗಾವಿ, ಕಲಬುರಗಿ, ಕರಾವಳಿಯವರು ದಯವಿಟ್ಟು ಹೇಳಿ, ನನ್ನ ಕಿವಿ ತುಮಕೂರಿನಿಂದ ಆಚೆಗೆ ಹೋಗಿಲ್ಲ. ಲಾಟೀನಿನ ಕೆಳಭಾಗಕ್ಕೆ ಬೇರೆ ಪದ ಇತ್ತೇ, ಅಥವಾ ಅದೂ ಬುಡ್ಡಿಯೇ? ಇನ್ನೊಂದು, ಬರ್ನರಿನ ಕೆಳಗೆ ಹೊತ್ತಿಸುವ ಮುನ್ನ ಒಂದು ಚಮಚ ಸ್ಪಿರಿಟ್ ಸುರಿಯುವ ಪುಟ್ಟ ಬಟ್ಟಲಿದೆಯಲ್ಲ, ಅದಕ್ಕೆ ‘ಹಣತೆ’ ಅಂತ ಬರೆಯಲೇ? ಆಕಾರವೂ ಅದೇ, ಕೆಲಸವೂ ಹೆಚ್ಚುಕಮ್ಮಿ ಅದೇ. ಗೆಳೆಯರು ಬೇಡ ಅನ್ನುತ್ತಿದ್ದಾರೆ.