ಎಡ್ಜ್ ಬ್ಯಾಂಡಿಂಗ್ ಯಂತ್ರ ಕೊಳ್ಳುವ ಮುನ್ನ ಮರಗೆಲಸದ ಯಂತ್ರಮೇಳಕ್ಕೆ ಹೋಗಿಬರುವುದು ಸಾರ್ಥಕವೇ?

ಪ್ರಶ್ನೆ

ನಮ್ಮದು ನಾಲ್ಕು ಜನ ಕೆಲಸ ಮಾಡುವ ಸಣ್ಣ ಮರಗೆಲಸದ ಶೆಡ್ಡು. ಅಡುಗೆಮನೆಯ ಕಪಾಟು, ಬಟ್ಟೆಯ ಬೀರು, ಕಚೇರಿಯ ಮೇಜು ಇವೇ ಹೆಚ್ಚು. ಬಹುಪಾಲು ಪ್ಲೈವುಡ್ ಮತ್ತು ಪ್ರೀಲ್ಯಾಮಿನೇಟೆಡ್ ಬೋರ್ಡಿನ ಕೆಲಸ, ಗಟ್ಟಿಮರ ಅಪರೂಪ. ಇದುವರೆಗೆ ಅಂಚಿನ ಪಟ್ಟಿಯನ್ನು ಕೈಯಿಂದಲೇ ಅಂಟಿಸಿ, ಟ್ರಿಮ್ಮರ್‌ನಿಂದ ಸವರಿ, ಮಿಕ್ಕಿದ್ದನ್ನು ಅರದಿಂದ ಉಜ್ಜಿ ಮುಗಿಸುತ್ತಿದ್ದೇವೆ. ಇನ್ನು ಹೀಗೆ ನಡೆಯುವುದಿಲ್ಲ ಎಂಬುದು ಖಚಿತವಾಗಿರುವುದರಿಂದ ಬೋರ್ಡಿನ ಅಂಚಿಗೆ ಬಿಸಿ ಅಂಟಿನಿಂದ ಪಟ್ಟಿ ಕೂರಿಸಿ ಸವರುವ ಒಂದು ಎಡ್ಜ್ ಬ್ಯಾಂಡಿಂಗ್ ಯಂತ್ರ ಕೊಳ್ಳಲು ನಿರ್ಧರಿಸಿ, ಮೂರು ಮಾದರಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಮುಂದಿನ ತಿಂಗಳು ಮರಗೆಲಸದ ಯಂತ್ರೋಪಕರಣಗಳ ದೊಡ್ಡ ಮೇಳವೊಂದಿದೆ. ಪ್ರಯಾಣವೂ ಸೇರಿದರೆ ಮೂರು ದಿನ ಕೆಲಸ ನಿಲ್ಲುತ್ತದೆ. ಯಂತ್ರಗಳ ವೀಡಿಯೊಗಳು ಬೇಕಾದಷ್ಟು ಸಿಗುತ್ತವೆ, ಕೊಟೇಶನ್ ಕೂತಲ್ಲಿಗೇ ಬರುತ್ತದೆ. ಹಿಂದೊಮ್ಮೆ ಇಂಥದೇ ಮೇಳಕ್ಕೆ ಹೋಗಿ ಎರಡು ಚೀಲ ಕ್ಯಾಟಲಾಗ್ ಹೊತ್ತು ತಂದಿದ್ದೆ. ಒಂದನ್ನೂ ಓದಲಿಲ್ಲ, ಕೊನೆಗೆ ಅವು ಪಾಲಿಶ್ ಹಚ್ಚುವಾಗ ನೆಲಕ್ಕೆ ಹಾಸಲು ಬಳಕೆಯಾದವು. ಈ ಸಲ ಹೋಗುವುದರಲ್ಲಿ ಅರ್ಥವಿದೆಯೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಹೋಗಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಏನು ಕೊಳ್ಳಬೇಕೆಂದು ಗೊತ್ತಿಲ್ಲದೆ ಹೋದವನಿಗೆ ಮೇಳ ಬರೀ ಜಾತ್ರೆ. ಮೂರು ಮಾದರಿಗಳ ನಡುವೆ ಒಂದನ್ನು ಆರಿಸಬೇಕಾಗಿರುವ ನಿಮಗೆ ಅದು ಬೇರೆಯೇ ಆಗಬಲ್ಲದು, ಏಕೆಂದರೆ ಆ ಮೂರೂ ಯಂತ್ರಗಳನ್ನು ಒಂದೇ ದಿನ, ಒಂದೇ ಬೋರ್ಡಿನ ಮೇಲೆ ಓಡಿಸಿ ನೋಡುವ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಆ ಬೋರ್ಡು ನಿಮ್ಮದೇ ಆಗಿರಬೇಕೆಂಬುದು ಮುಖ್ಯ. ಮಳಿಗೆಯವರು ಪ್ರದರ್ಶನಕ್ಕೆ ಬಳಸುವುದು ಒಂದಿಷ್ಟೂ ಸೊಟ್ಟಗಿರದ, ಅಂಚು ಚಕ್ಕೆ ಎದ್ದಿರದ ಉತ್ತಮ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಅದರ ಮೇಲೆ ಯಾವ ಯಂತ್ರವಾದರೂ ಚೆನ್ನಾಗಿಯೇ ಕಾಣುತ್ತದೆ. ನೀವು ದಿನವೂ ಬಳಸುವ ಪ್ಲೈವುಡ್ಡನ್ನು ನಿಮ್ಮ ಗರಗಸದಲ್ಲೇ ಕೊಯ್ದು, ಎಂಟು ಹತ್ತು ತುಂಡು ಕಟ್ಟಿಕೊಂಡು ಹೋಗಿ. ಅವುಗಳಲ್ಲಿ ಎರಡಾದರೂ ಡ್ರಾಯರ್ ಮುಖದಷ್ಟು ಕಿರಿದಾಗಿರಲಿ, ಏಕೆಂದರೆ ಎಷ್ಟು ಗಿಡ್ಡ, ಎಷ್ಟು ಕಿರಿದಾದ ತುಂಡನ್ನು ಯಂತ್ರ ನೇರವಾಗಿ ಹಿಡಿದು ಸಾಗಿಸಬಲ್ಲದು ಎಂಬುದು ಕೆಲಸಕ್ಕೆ ಇಳಿದ ಮೇಲೆಯೇ ತಿಳಿಯುವ ತೊಡಕು. 0.8 ಮತ್ತು 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನೂ ಮನೆಯಿಂದಲೇ ಒಯ್ಯಿರಿ.

ಪಟ್ಟಿ ಹತ್ತುವ ಮೊದಲು ಬೋರ್ಡಿನ ಅಂಚನ್ನು ತೆಳುವಾಗಿ ಹೆರೆಯುವ ಪ್ರೀಮಿಲ್ಲಿಂಗ್ ಭಾಗ ಯಂತ್ರದಲ್ಲಿದ್ದರೆ, ಒಂದು ತುಂಡನ್ನು ಅದನ್ನು ನಿಲ್ಲಿಸಿ ಓಡಿಸಲು ಹೇಳಿ, ಇನ್ನೊಂದನ್ನು ಅದರೊಂದಿಗೆ ಓಡಿಸಲು ಹೇಳಿ. ಎರಡನ್ನೂ ಬೆಳಕಿಗೆ ಹಿಡಿದು ಅಂಟಿನ ಗೆರೆಯನ್ನು ನೋಡಿದರೆ, ಆ ಭಾಗಕ್ಕೆ ಹೆಚ್ಚು ಹಣ ಕೊಡಬೇಕೋ ಬೇಡವೋ ಎಂಬುದಕ್ಕೆ ಯಾರ ಮಾತೂ ಬೇಕಾಗುವುದಿಲ್ಲ. ಆಮೇಲೆ ತುಂಡನ್ನು ಪೂರ್ತಿ ತಣ್ಣಗಾಗಲು ಬಿಟ್ಟು, ಮೂಲೆಯಲ್ಲಿ ಉಳಿಯ ಮೊನೆ ತೂರಿಸಿ ಪಟ್ಟಿಯನ್ನು ಎಬ್ಬಿಸಿ. ಪಟ್ಟಿಯ ಜೊತೆಗೆ ಮರದ ನಾರೂ ಕಿತ್ತು ಬಂದರೆ ಅಂಟು ಸರಿಯಾಗಿ ಹಿಡಿದಿದೆ. ಅಂಟೆಲ್ಲ ಪಟ್ಟಿಯಲ್ಲೇ ಉಳಿದು ಬೋರ್ಡು ಶುಭ್ರವಾಗಿ ಬಿಟ್ಟುಕೊಂಡರೆ, ಅಂಚಿನಲ್ಲಿ ಧೂಳಿತ್ತು ಅಥವಾ ರೋಲರ್ ಒತ್ತುವ ಮೊದಲೇ ಅಂಟು ಆರಿತ್ತು ಎಂದು ತಿಳಿಯಬೇಕು. ಮಳಿಗೆಯವರ ಬಳಿ ಪಾರದರ್ಶಕ ಪಟ್ಟಿಯಿದ್ದರೆ ಕೇಳಿ ಒಂದು ಸಲ ಓಡಿಸಿ. ಅಂಟು ಅಗಲಕ್ಕೂ ಸಮನಾಗಿ ಹರಡಿದೆಯೇ ಎಂಬುದು ಅದರ ಮೂಲಕ ಕಣ್ಣಿಗೇ ಕಾಣುತ್ತದೆ. ಇದನ್ನು ಮಾಡಿಸಲು ಮನಸ್ಸಿಲ್ಲದ ಮಳಿಗೆಯಿಂದ ನಾನಂತೂ ಎದ್ದು ಬರುತ್ತೇನೆ.

ಎರಡನೆಯ ಉತ್ತರ

ಮೇಲಿನವರ ಮಾತು ಸರಿಯಾದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೇಳದಲ್ಲಿರುವ ಯಂತ್ರ ಹೊಸದು. ಕಂಪನಿಯ ಅತ್ಯುತ್ತಮ ಮೆಕ್ಯಾನಿಕ್ ಹಿಂದಿನ ದಿನವೇ ಬಂದು ಅದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿರುತ್ತಾನೆ. ಅದರ ಬೆನ್ನಿಗೆ ಇರುವ ಧೂಳೆಳೆಯುವ ವ್ಯವಸ್ಥೆಯೂ ಭರ್ಜರಿಯಾಗಿರುತ್ತದೆ. ಕೊಳವೆಯೊಳಗೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹರಿದರೆ ಮಾತ್ರ ಹೊಟ್ಟೂ ಚಕ್ಕೆಯೂ ದಾರಿಯಲ್ಲಿ ಕೂರದೆ ಸಾಗುತ್ತವೆ. ನಮ್ಮಂಥ ಸಣ್ಣ ಶೆಡ್ಡುಗಳಲ್ಲಿ ಆ ವೇಗ ಇರುವುದು ಕಡಿಮೆ, ಆದ್ದರಿಂದ ಅದೇ ಯಂತ್ರ ಅಲ್ಲಿ ಕೊಟ್ಟ ಅಂಚನ್ನು ಇಲ್ಲಿ ಕೊಡುವುದಿಲ್ಲ. ಸದ್ದನ್ನಂತೂ ಅಲ್ಲಿ ಅಳೆಯಲೇಬೇಡಿ. ನೂರು ಯಂತ್ರಗಳು ಒಟ್ಟಿಗೆ ಓಡುವ ಸಭಾಂಗಣದಲ್ಲಿ ಯಾವ ಯಂತ್ರವೂ ಜೋರು ಅನ್ನಿಸುವುದಿಲ್ಲ.

ನಾನು ಮೇಳದಲ್ಲಿ ನೋಡಿ, ಅಲ್ಲೇ ಮುಂಗಡ ಕೊಟ್ಟು ಒಂದು ಯಂತ್ರ ತಂದೆ. ಯಂತ್ರ ಕೆಟ್ಟದ್ದಲ್ಲ. ಆದರೆ ಪಟ್ಟಿಯ ತುದಿ ಕತ್ತರಿಸುವ ಭಾಗದ ಒಂದು ಚಿಕ್ಕ ಸೆನ್ಸರ್ ಹೋದಾಗ ಬದಲಿ ಸಿಗಲು ಆರು ವಾರ ಹಿಡಿಯಿತು, ಆ ಆರು ವಾರವೂ ನಾವು ಪಟ್ಟಿಯ ತುದಿಯನ್ನು ಕೈಯಿಂದಲೇ ಕತ್ತರಿಸಿದೆವು. ಮಳಿಗೆಯಲ್ಲಿ ನನ್ನೊಡನೆ ಅಷ್ಟು ಹೊತ್ತು ಮಾತನಾಡಿದ್ದ ಮಾರಾಟದವರಿಗೆ ಸರ್ವಿಸ್ ವಿಭಾಗದ ಯಾರ ಹೆಸರೂ ಗೊತ್ತಿರಲಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೆ: ಆ ಮೂರು ಮಾದರಿಗಳಲ್ಲಿ ಯಾವುದನ್ನಾದರೂ ಎರಡು ವರ್ಷದಿಂದ ಓಡಿಸುತ್ತಿರುವ ಶೆಡ್ಡಿಗೆ ಹೋಗಿ ಅರ್ಧ ದಿನ ಕುಳಿತುಕೊಳ್ಳಿ. ಬೆಳಿಗ್ಗೆ ಅಂಟಿನ ಪಾತ್ರೆ ಕಾಯಲು ಎಷ್ಟು ಹೊತ್ತು ಬೇಕು, ಸಂಜೆ ಅದನ್ನು ತೊಳೆಯುವವರು ಯಾರು, ಯಾವ ಬೇರಿಂಗ್ ಎಷ್ಟು ಸಲ ಹೋಗಿದೆ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ದಿನವಿಡೀ ಬಿಸಿಯಾಗಿಯೇ ಇರುವ ಮೇಳದ ಯಂತ್ರ ಇದನ್ನು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಕೃತಜ್ಞತೆಗಳು. ಬಳಕೆದಾರರ ಶೆಡ್ಡಿಗೆ ಹೋಗುವ ಯೋಚನೆ ನನಗೆ ಬಂದಿರಲಿಲ್ಲ. ಆದರೆ ಒಂದು ಮಾದರಿ ಪಿಯುಆರ್ (ಪಾಲಿಯುರೆಥೇನ್) ಅಂಟಿನದು, ಉಳಿದೆರಡು ಇವಿಎ ಎಂಬ ಸಾಮಾನ್ಯ ಬಿಸಿ ಅಂಟಿನವು. ಪಿಯುಆರ್ ಬಳಸುವವರು ನನಗೆ ಪರಿಚಯವಿಲ್ಲ. ಇನ್ನೊಂದು ಸಂದೇಹವೆಂದರೆ, ಹೋಗುವುದಾದರೆ ಒಬ್ಬನೇ ಹೋಗಬೇಕೋ, ಯಂತ್ರ ನಡೆಸಲಿರುವ ಹುಡುಗನನ್ನೂ ಕರೆದೊಯ್ಯಬೇಕೋ? ಇಬ್ಬರೂ ಹೊರಟರೆ ಶೆಡ್ಡು ಮುಚ್ಚಿದಂತೆಯೇ.

ಮೂರನೆಯ ಉತ್ತರ

ಹುಡುಗನನ್ನು ಕರೆದೊಯ್ಯಿರಿ, ಒಬ್ಬರೇ ಹೋಗಬೇಕೆಂದಾದರೆ ಅವನನ್ನೇ ಕಳುಹಿಸಿ ಎನ್ನುವಷ್ಟರ ಮಟ್ಟಿಗೆ ನನಗೆ ಇದರಲ್ಲಿ ನಂಬಿಕೆಯಿದೆ. ಬೆಲೆ ಮತ್ತು ವಾರಂಟಿಯ ಮಾತನ್ನು ನೀವು ಫೋನಿನಲ್ಲೂ ಆಡಬಹುದು. ಆದರೆ ಪಟ್ಟಿಯ ಅಂಚನ್ನು ಕೊನೆಗೆ ಹೆರೆದು ನಯಮಾಡುವ ಸ್ಕ್ರೇಪರ್ ಬ್ಲೇಡನ್ನು ಹೊಂದಿಸಲು ಎಷ್ಟು ಸ್ಕ್ರೂ ಬಿಚ್ಚಬೇಕು, ಪಟ್ಟಿಯ ದಪ್ಪ ಬದಲಿಸಿದಾಗಲೆಲ್ಲ ಬಗ್ಗಿ ಕೈ ಹಾಕಬೇಕೋ ಅಥವಾ ಮುಂದಿನಿಂದಲೇ ತಿರುಗಿಸಬಹುದೋ ಎಂಬುದನ್ನು ದಿನವೂ ಮಾಡುವವನ ಕೈ ಮಾತ್ರ ಗುರುತಿಸುತ್ತದೆ.

ಪಿಯುಆರ್ ವಿಷಯದಲ್ಲಿ ಎಚ್ಚರವಾಗಿರಿ. ಇವಿಎ ಅಂಟು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ, ತಣ್ಣಗಾದದ್ದನ್ನು ಮತ್ತೆ ಕಾಯಿಸಿದರೆ ಕರಗುತ್ತದೆ. ಪಿಯುಆರ್ ಅದಕ್ಕಿಂತ ಕಡಿಮೆ ಶಾಖಕ್ಕೇ ಕರಗಿ, ಗಾಳಿಯ ಮತ್ತು ಮರದ ತೇವಾಂಶದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ನೀರಿಗೂ ಬಿಸಿಗೂ ಜಗ್ಗದ ಅಂಚು ಬರುವುದು ಇದೇ ಗುಣದಿಂದ, ಪಾತ್ರೆಯಲ್ಲಿ ಮರೆತ ಅಂಟು ಕಲ್ಲಾಗಿ ಕೂರುವುದೂ ಇದೇ ಗುಣದಿಂದ. ಮೇಳಕ್ಕೆ ಹೋದಾಗ ಸಂಜೆ ಮಳಿಗೆ ಮುಚ್ಚುವ ಹೊತ್ತಿಗೆ ಆ ಯಂತ್ರದ ಬಳಿ ನಿಂತುಕೊಳ್ಳಿ. ಅವರು ಪಾತ್ರೆಯನ್ನು ಹೇಗೆ ಶುದ್ಧ ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಹಗಲಿನ ಪ್ರದರ್ಶನಕ್ಕಿಂತ ಆ ಅರ್ಧ ಗಂಟೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇನ್ನು, ಕೊನೆಯ ದಿನ ಹೋಗಬೇಡಿ, ಮಧ್ಯಾಹ್ನಕ್ಕೇ ಯಂತ್ರಗಳನ್ನು ಬಿಚ್ಚತೊಡಗುತ್ತಾರೆ.

ಮೇಳದಲ್ಲಿ ಹೊಸದಾಗಿ ಕಂಡದ್ದೆಲ್ಲ ನಾಳೆಯೇ ಕೈಗೆ ಸಿಗುತ್ತದೆಂದು ಭಾವಿಸಬಾರದು ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಬೆರಳು ತಾಗಿದ ಕೂಡಲೇ ನಿಂತುಬಿಡುವ ಸಾಸ್ಟಾಪ್ ಗರಗಸವನ್ನು ಅದರ ಸಂಶೋಧಕ ಸ್ಟೀಫನ್ ಗ್ಯಾಸ್ 2000ದ ಆಗಸ್ಟ್‌ನಲ್ಲಿ ಅಟ್ಲಾಂಟಾದ ಮೇಳದಲ್ಲಿ ತೋರಿಸಿದರು. ಬೆರಳಿನ ಬದಲು ಮಾಂಸದ ಸಾಸೇಜನ್ನು ತಿರುಗುವ ಬ್ಲೇಡಿಗೆ ತಾಗಿಸಿದಾಗ ಅಲ್ಯೂಮಿನಿಯಂ ತಡೆಯೊಂದು ಚಿಮ್ಮಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಬ್ಲೇಡನ್ನು ನಿಲ್ಲಿಸುತ್ತಿತ್ತು. ಸಾಸೇಜಿನ ಮೇಲೆ ಗೀರಷ್ಟೇ ಉಳಿಯುತ್ತಿತ್ತು. ದೊಡ್ಡ ತಯಾರಕರು ಆ ತಂತ್ರವನ್ನು ಅಳವಡಿಸಿಕೊಳ್ಳಲಿಲ್ಲವಾಗಿ ಗ್ಯಾಸ್ ಅವರೇ ಕಂಪನಿ ಕಟ್ಟಿ ಗರಗಸ ತಯಾರಿಸಬೇಕಾಯಿತು, ಅದು ಕೊಳ್ಳುವವರ ಕೈಸೇರಿದ್ದು ಸುಮಾರು ನಾಲ್ಕು ವರ್ಷಗಳ ನಂತರ. ಹಾಗಾಗಿ ಯಾವ ಮಳಿಗೆಯಲ್ಲಾದರೂ ಹೊಸ ಸೌಕರ್ಯವೊಂದನ್ನು ಕಂಡಾಗ, ಇಂಥ ಯಂತ್ರ ಈಗ ಎಷ್ಟು ಶೆಡ್ಡುಗಳಲ್ಲಿ ಓಡುತ್ತಿದೆ, ಅವರ ಫೋನ್ ನಂಬರ್ ಕೊಡುತ್ತೀರಾ ಎಂದು ನೇರವಾಗಿ ಕೇಳಿ. ಪಿಯುಆರ್ ಬಳಸುವವರ ಪರಿಚಯವಿಲ್ಲ ಎಂದಿರಲ್ಲ, ಅದಕ್ಕೂ ಇದೇ ದಾರಿ. ಎರಡನೆಯ ಉತ್ತರದವರು ಹೇಳಿದ ಶೆಡ್ಡಿನ ವಿಳಾಸ ನಿಮಗೆ ಮೇಳದಲ್ಲೇ ಸಿಗಬಹುದು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಎರಡನೆಯ ದಿನಕ್ಕೆ ಇಬ್ಬರ ಹೆಸರನ್ನೂ ನೋಂದಾಯಿಸಿದ್ದೇನೆ, ಹುಡುಗ ಈಗಾಗಲೇ ಪ್ಲೈವುಡ್ಡಿನ ಒಂಬತ್ತು ತುಂಡು ಕೊಯ್ದಿಟ್ಟಿದ್ದಾನೆ. ಮುಂಗಡವನ್ನು ಮಾತ್ರ ಅಲ್ಲಿ ಕೊಡುವುದಿಲ್ಲ. ಚೆಕ್‌ಬುಕ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.