ಹಳೆ ತರಗೆಲೆ ತೆಗೆಯಬೇಕಾ, ಅದರ ಮೇಲೇ ಹೊಸದು ಹಾಕಬೇಕಾ?

ಕೋಥ್ರೂಡ್, ಪುಣೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮುಂದೆ ಎರಡು ಮಡಿಗಳಿವೆ. ಕರಿಬೇವು, ದಾಸವಾಳ, ಒಂದು ನಿಂಬೆ, ಮಧ್ಯೆ ಬದನೆ, ಮೆಣಸಿನಕಾಯಿ. ಮೂರು ವರ್ಷದಿಂದ ಸೊಸೈಟಿಯ ಒಣ ಎಲೆಗಳನ್ನೇ ಬುಡಕ್ಕೆ ಮುಚ್ಚುತ್ತಿದ್ದೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿದಾಗಲೆಲ್ಲ ಹಳೆಯದರ ಮೇಲೇ ಸುರಿಯುತ್ತಾ ಬಂದೆ. ಮೊನ್ನೆ ಹತ್ತು ನಿಮಿಷ ಪೈಪ್ ಬಿಟ್ಟರೂ ಬದನೆ ಬಾಡಿಯೇ ಇತ್ತು. ಕೈ ಹಾಕಿ ನೋಡಿದೆ. ಎಲೆಗಳು ಒದ್ದೆ ಪೇಪರ್ ಒಣಗಿದ ಹಾಗೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಹಾಳೆಯಾಗಿವೆ, ನೀರೆಲ್ಲ ಮೇಲಿಂದಲೇ ಜಾರಿ ಕಟ್ಟೆ ದಾಟಿ ಹೋಗಿದೆ, ಕೆಳಗೆ ಕರಿಮಣ್ಣು ಬಿರುಕು ಬಿಟ್ಟಿದೆ! ಅಲ್ಲಲ್ಲಿ ಬಿಳಿ ಬೂಷ್ಟು ಬೇರೆ. ನಿಂಬೆಯ ಕಾಂಡಕ್ಕೆ ಎಲೆ ಒತ್ತಿಕೊಂಡಿದ್ದ ಕಡೆ ತೊಗಟೆ ಮೆತ್ತಗಾಗಿದೆ. ಈಗ ಮೇ ಕೊನೆ, ಮಳೆ ಹತ್ತಿರ ಬಂತು. ಎಲ್ಲ ಕಿತ್ತು ಬಿಸಾಕಲಾ?

ಹಡಪ್ಸರ್, ಪುಣೆ (ಊರು ಜಮಖಂಡಿ ಕಡೆ):
ಬಿಸಾಕಬೇಡಿ ಅಕ್ಕಾ. ತಳದಲ್ಲಿ ಕರ್ರಗೆ ಪುಡಿಪುಡಿ ಆಗಿರುವುದು ಗೊಬ್ಬರವೇ, ಅದು ಅಲ್ಲೇ ಇರಲಿ. ಕೆಡಿಸಿರುವುದು ನಡುವಿನ ಅಂಟಿದ ಪದರ ಮಾತ್ರ. ಕೈಯಿಂದಲೋ ಸಣ್ಣ ಮುಳ್ಳು ಸಲಿಕೆಯಿಂದಲೋ ಅದನ್ನು ಎಬ್ಬಿಸಿ ಹರಿದು ಬಿಡಿಬಿಡಿ ಮಾಡಿ. ಜೋರಾಗಿ ಅಗೆಯಬೇಡಿ, ಬದನೆ ಬೇರು ಮೇಲೇ ಇರುತ್ತವೆ. ಆಮೇಲೆ ಮಣ್ಣಿಗೆ ನಿಧಾನವಾಗಿ ಎರಡು ಮೂರು ಸಲ ನೀರು ಕೊಡಿ. ಒಣ ಮಣ್ಣಿನ ಮೇಲೆ ಹೊದಿಕೆ ಹಾಕಿದರೆ ಒಣಗಿದ್ದನ್ನೇ ಮುಚ್ಚಿದ ಹಾಗೆ, ಬಹಳ ಜನ ಇಲ್ಲೇ ತಪ್ಪುತ್ತಾರೆ. ಒಂದು ಬೊಗಸೆ ಕಾಂಪೋಸ್ಟ್ ಹರಡಿ, ಅದರ ಮೇಲೆ ಎಲೆ.

ದಪ್ಪ ಎಷ್ಟು ಅಂದರೆ, ಹಳೆಯದು ಹೊಸದು ಸೇರಿ ಎರಡರಿಂದ ಮೂರು ಇಂಚು ಸಾಕು. ಬೆರಳು ಇಳಿಸಿ ನೋಡಿ, ನಡುಬೆರಳಿನ ಎರಡು ಗೆಣ್ಣು ಮುಳುಗಿ ಮಣ್ಣು ತಾಗಿದರೆ ಇನ್ನು ಹಾಕುವುದೇ ಬೇಡ. ಹಾಕಬೇಕೋ ಬೇಡವೋ ಅನ್ನುವುದನ್ನು ಕ್ಯಾಲೆಂಡರ್ ನೋಡಿ ಅಲ್ಲ, ಹೀಗೆ ಬೆರಳಿಟ್ಟು ತೀರ್ಮಾನಿಸಿ. ಅಗಲ ಎಲೆಗಳನ್ನು ಇಡಿಯಾಗಿ ಹಾಕಬೇಡಿ, ಅಂಟುವುದು ಅವೇ. ಚೀಲಕ್ಕೆ ತುಂಬಿ ತುಳಿದು ಪುಡಿ ಮಾಡಿ ಹಾಕಿ. ನಮ್ಮೂರಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸುಡದೆ ಸಾಲಿನ ಮಧ್ಯೆ ಹಾಸುತ್ತೇವೆ, ಇಲ್ಲಿ ಅದಕ್ಕೆ ಪಾಚಟ ಅನ್ನುತ್ತಾರೆ. ಸಿಕ್ಕರೆ ಎಲೆಯ ಜೊತೆ ಸ್ವಲ್ಪ ಬೆರೆಸಿ, ಗಾಳಿ ಆಡುತ್ತದೆ. ಬೂಷ್ಟಿಗೆ ಹೆದರಬೇಡಿ, ಎಲೆ ಕೊಳೆಸುವುದೇ ಅದರ ಕೆಲಸ. ಕೆದಕಿ ಬಿಟ್ಟರೆ ಆಯಿತು.

ಫೋಂಡಾ, ಗೋವಾ:
ನಿಂಬೆ ವಿಷಯ ಇವತ್ತೇ ನೋಡಿ ಮೇಡಂ, ಉಳಿದದ್ದು ನಾಳೆ ಮಾಡಿದರೂ ನಡೆಯುತ್ತದೆ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ, ಮಣ್ಣು ಕಾಣಬೇಕು, ಗಾಳಿ ಬಿಸಿಲು ತಾಗಬೇಕು. ಮೆತ್ತಗಾದ ತೊಗಟೆ ಕೆರೆಯುತ್ತಾ ಕೂರಬೇಡಿ, ಮೊದಲು ಒಣಗಲಿ. ನಾನು ಇದೇ ತಪ್ಪಿಗೆ ಒಂದು ಮೋಸಂಬಿ ಗಿಡ ಕಳೆದುಕೊಂಡೆ, ಇವತ್ತಿಗೂ ಬೇಜಾರಿದೆ.

ನಮ್ಮದು ಕೆಂಪು ಮುರಕಲ್ಲು ಮಣ್ಣು, ಮಳೆಯೂ ನಿಮಗಿಂತ ಬಹಳ ಜಾಸ್ತಿ. ಹಾಗಾಗಿ ಮಳೆಗೆ ಮುಂಚೆ ಹೊದಿಕೆ ತೆಳು ಮಾಡುತ್ತೇನೆ, ಪೂರ್ತಿ ತೆಗೆಯುವುದಿಲ್ಲ. ಪೂರ್ತಿ ತೆಗೆದರೆ ಮಳೆ ಹನಿ ಬಿದ್ದು ಮಣ್ಣು ಮೆಣಸಿನ ಗಿಡದ ಕೆಳಗಿನ ಎಲೆಗೆ ಸಿಡಿಯುತ್ತದೆ, ರೋಗ ಹತ್ತುವುದು ಹಾಗೇ. ದಪ್ಪಗೆ ಬಿಟ್ಟರೆ ಅಡಿಯಲ್ಲಿ ಬಸವನಹುಳು ಸೇರಿಕೊಳ್ಳುತ್ತವೆ. ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು. ಮಳೆ ಮುಗಿದು ಅಕ್ಟೋಬರ್ ಬಿಸಿಲು ಶುರುವಾಗುವಾಗ, ಮಣ್ಣು ಹಸಿ ಇರುವಾಗಲೇ, ಮತ್ತೆ ದಪ್ಪಗೆ ಹಾಕುತ್ತೇನೆ. ತೆಂಗಿನ ಬುಡಕ್ಕೆ ಸಿಪ್ಪೆಗಳನ್ನು ಬೋರಲಾಗಿ, ಉಬ್ಬಿದ ಬದಿ ಮೇಲೆ ಬರುವ ಹಾಗೆ ಜೋಡಿಸುತ್ತೇವೆ.

ಡೊಂಬಿವಲಿ:
ನಮ್ಮದು ಬಾಲ್ಕನಿ ಕುಂಡಗಳು. ಪರಿಚಯದ ಬಡಗಿ ಹತ್ತಿರ ಒಂದು ಮೂಟೆ ಮರದ ಪುಡಿ ತಂದಿದ್ದೇನೆ. ಅದನ್ನೇ ಹಾಕಬಹುದಾ?

ಹಡಪ್ಸರ್, ಪುಣೆ:
ಹಸಿ ಪುಡಿ ಮಣ್ಣಿಗೆ ಬೆರೆಸಲೇಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ಎಲೆ ಹಳದಿ ಆಗುತ್ತವೆ. ಪ್ಲೈವುಡ್ ಪುಡಿಯಾದರೆ ಬಿಟ್ಟುಬಿಡಿ, ಅದರಲ್ಲಿ ಅಂಟು ಇರುತ್ತದೆ. ಕುಂಡಕ್ಕೆ ಒಂದು ಇಂಚು ಒಣ ಎಲೆ ಅಥವಾ ತೊಳೆದ ತೆಂಗಿನ ನಾರು ಸಾಕು.

ಕೋಥ್ರೂಡ್, ಪುಣೆ:
ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂದು ಮಡಿ ಮುಗಿಸಿದೆ. ಹಾಳೆ ಎಬ್ಬಿಸಿದಾಗ ತಳದಲ್ಲಿ ಟೀ ಪುಡಿಯಂಥ ಮಣ್ಣು, ಕರಿಬೇವಿನ ಹತ್ತಿರ ತೇವ ಉಳಿದ ಒಂದೇ ಒಂದು ಕಡೆ ನಾಲ್ಕು ಎರೆಹುಳು. ನಿಂಬೆಯ ಸುತ್ತ ಗೇಣು ಜಾಗ ಬಿಟ್ಟಿದ್ದೇನೆ. ಮಿಕ್ಕ ಎಲೆ ಎರಡು ಗೋಣಿ ಆಯಿತು, ಮೆಟ್ಟಿಲ ಕೆಳಗಿಟ್ಟಿದ್ದೇನೆ. ಅಕ್ಟೋಬರ್‌ಗೆ ಬೇಕಲ್ವಾ. ನಾಳೆ ಇನ್ನೊಂದು ಮಡಿ.